ಮೂರು ಪದವಿಗಳು, ಮೂರು ಬಗೆಯ ಕೆಲಸ

ಪ್ರಶ್ನೆ: ಪದವಿ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಹಂತದಲ್ಲಿದ್ದೇನೆ. ಕಥೆ, ಕವಿತೆಗಳ ಓದು ಚಿಕ್ಕಂದಿನ ಹವ್ಯಾಸ. ಜಪಾನಿ ಭಾಷೆಯನ್ನೂ ಸ್ವಂತವಾಗಿ ಸ್ವಲ್ಪ ಕಲಿತಿದ್ದೇನೆ. ಸಾಹಿತ್ಯ, ಭಾಷಾವಿಜ್ಞಾನ, ವಿದೇಶಿ ಭಾಷೆ, ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಮೂರೂ ಹೆಚ್ಚುಕಡಿಮೆ ಒಂದೇ ಎಂದು ಗೆಳೆಯರು ಹೇಳುತ್ತಾರೆ. ಯಾವುದನ್ನು ಓದಿದರೂ ಕೊನೆಗೆ ಉಪಾಧ್ಯಾಯ ವೃತ್ತಿಯೊಂದೇ ಗತಿ ಎನ್ನುವುದು ಮನೆಯವರ ಮಾತು.

ಉತ್ತರ: ಮೊದಲು ಗೆಳೆಯರ ಮಾತನ್ನು ನೋಡೋಣ. ಮೂರಕ್ಕೂ ಸಾಮಗ್ರಿ ಭಾಷೆಯೇ ಆದರೂ ವಿದ್ಯಾರ್ಥಿ ದಿನವೂ ಮಾಡಬೇಕಾದ ಕೆಲಸ ಮೂರರಲ್ಲೂ ಬೇರೆ ಬೇರೆ. ಹಳಗನ್ನಡದ ‘ಪಾಲ್’, ‘ಪುಲಿ’, ‘ಪೂ’ ಎಂಬ ಶಬ್ದಗಳು ಇಂದು ಹಾಲು, ಹುಲಿ, ಹೂವು ಆಗಿವೆ. ತಮಿಳಿನಲ್ಲಿ ಪಕಾರ ಹಾಗೆಯೇ ಉಳಿದಿದೆ. ಈ ಬದಲಾವಣೆ ಯಾವ ಸಂದರ್ಭದಲ್ಲಿ ಆಯಿತು, ಎಲ್ಲಿ ಆಗಲಿಲ್ಲ, ಅದಕ್ಕೊಂದು ನಿಯಮವನ್ನು ಹೇಳಬಹುದೇ ಎಂದು ಹುಡುಕುತ್ತ ಒಂದು ಸಂಜೆ ಕಳೆಯಲು ನಿಮಗೆ ಇಷ್ಟವಾದರೆ ಭಾಷಾವಿಜ್ಞಾನ ನಿಮಗೆ ಹಿಡಿಸುತ್ತದೆ. ಅಲ್ಲಿ ಧ್ವನಿಗಳ ವರ್ಗೀಕರಣವಿದೆ, ವಾಕ್ಯರಚನೆಯ ವಿಶ್ಲೇಷಣೆಯಿದೆ, ತರ್ಕಶಾಸ್ತ್ರದ ನೆರಳೂ ಇದೆ. ಕವಿತೆಯ ಸೊಗಸನ್ನು ಅರಸಿ ಹೋದವರು ಮಾತ್ರ ಮೊದಲ ವರ್ಷದಲ್ಲಿಯೇ ಬೇಸರಗೊಳ್ಳುತ್ತಾರೆ.

ಸಾಹಿತ್ಯದ ಪದವಿಯಲ್ಲಿ ಓದುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಬರೆಯಬೇಕಾಗುತ್ತದೆ. ನೀವಾಗಿ ಎಂದೂ ಕೈಗೆತ್ತಿಕೊಳ್ಳದ ಶತಮಾನದ ಕೃತಿಯನ್ನು ಓದಬೇಕು, ಒಂದೇ ಪದ್ಯಕ್ಕೆ ನಾಲ್ಕು ಬಾರಿ ಮರಳಬೇಕು, ಅದರ ಬಗ್ಗೆ ಇತರರು ಹೇಳಿದ್ದನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಪಠ್ಯದಿಂದಲೇ ಆಧಾರ ಕೊಡಬೇಕು. ಪ್ರೀತಿಯ ಹವ್ಯಾಸವನ್ನು ಪರೀಕ್ಷೆಯ ವಿಷಯವಾಗಿಸಿಕೊಂಡು ಓದಿನ ರುಚಿಯನ್ನೇ ಕಳೆದುಕೊಂಡವರೂ ಇದ್ದಾರೆ, ಆ ಶಿಸ್ತಿನಿಂದಲೇ ರುಚಿಯನ್ನು ಬೆಳೆಸಿಕೊಂಡವರೂ ಇದ್ದಾರೆ. ಇದು ಲೇಖಕರಾಗಲು ನೀಡುವ ತರಬೇತಿ ಎಂಬ ಭ್ರಮೆಯನ್ನಂತೂ ಇಟ್ಟುಕೊಳ್ಳಬೇಡಿ.

ಜಪಾನಿ ಭಾಷೆಯ ವಿಷಯದಲ್ಲಿ ಸಮಯದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮಾತೃಭಾಷೆಯವರು ಜಪಾನಿಯಲ್ಲಿ ವೃತ್ತಿಗೆ ಸಾಲುವಷ್ಟು ಪ್ರಾವೀಣ್ಯ ಪಡೆಯಲು ಸುಮಾರು 2,200 ತರಗತಿ ಗಂಟೆಗಳು ಬೇಕು. ಸ್ಪ್ಯಾನಿಷ್‌ಗೆ ಅದರ ಮೂರನೆಯ ಒಂದು ಭಾಗದಷ್ಟು ಸಾಕು. ಕನ್ನಡಿಗರಿಗೆ ಈ ಲೆಕ್ಕ ಯಥಾವತ್ತಾಗಿ ಅನ್ವಯಿಸಬೇಕಿಲ್ಲ, ಏಕೆಂದರೆ ಜಪಾನಿಯಲ್ಲಿರುವಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿಯ ಕೆಲಸ ಮಾಡುವ ರೂಪಗಳು ನಾಮಪದದ ನಂತರ ಬರುವುದು ನಮಗೆ ಹುಟ್ಟಿನಿಂದಲೇ ರೂಢಿ. ಆದರೆ ದೈನಂದಿನ ಬಳಕೆಯ ಅಧಿಕೃತ ಪಟ್ಟಿಯಲ್ಲಿರುವ 2,136 ಕಾಂಜಿ (ಚೀನೀ ಮೂಲದ) ಅಕ್ಷರಗಳ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಪದವಿಯು ಅಕ್ಷರಾಭ್ಯಾಸದಿಂದಲೇ ಆರಂಭವಾಗುವುದಾದರೆ ಬಹುಪಾಲು ಅವಧಿ ಭಾಷೆಯನ್ನು ಕಲಿಯುವುದರಲ್ಲಿಯೇ ಮುಗಿದು, ಆ ಭಾಷೆಯ ಸಾಹಿತ್ಯಕ್ಕೆ ಉಳಿಯುವ ಕಾಲ ಅಲ್ಪ.

ಆದ್ದರಿಂದ ಪ್ರವೇಶದ ಮಾಹಿತಿಪುಸ್ತಕಗಳನ್ನು ಪಕ್ಕಕ್ಕಿಟ್ಟು, ಮೂರೂ ವಿಷಯಗಳ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಗಳನ್ನು ತರಿಸಿ ನೋಡಿ. ಉತ್ತರ ಗೊತ್ತಿರಬೇಕೆಂದಿಲ್ಲ, ಯಾವ ಪ್ರಶ್ನೆಗಳು ನಿಮ್ಮನ್ನು ಕೆಣಕುತ್ತವೆ ಎಂಬುದನ್ನು ಗಮನಿಸಿ. ಒಂದನ್ನು ಮುಖ್ಯ ವಿಷಯವಾಗಿಯೂ ಇನ್ನೊಂದನ್ನು ಜೊತೆ ವಿಷಯವಾಗಿಯೂ ಓದಲು ಅವಕಾಶವಿದೆಯೇ, ಮೊದಲ ವರ್ಷದ ನಂತರ ವಿಷಯ ಬದಲಿಸಬಹುದೇ ಎಂಬುದನ್ನೂ ವಿಚಾರಿಸಿ. ನಿಮ್ಮ ಪತ್ರವನ್ನು ಓದಿದಾಗ ಭಾಷಾವಿಜ್ಞಾನದ ಜೊತೆಗೆ ಜಪಾನಿ ಒಳ್ಳೆಯ ಜೋಡಿಯೆಂದು ನನಗೆ ತೋರುತ್ತದೆ. ಕಾದಂಬರಿಗಳ ಓದಿಗೆ ಪದವಿಯ ಅಪ್ಪಣೆ ಬೇಕಿಲ್ಲ.

ಮನೆಯವರ ಆತಂಕ ನಿರಾಧಾರವಲ್ಲ. ವೈದ್ಯಕೀಯ ಪದವಿಯಂತೆ ಈ ಪದವಿಗಳು ನೇರವಾಗಿ ಒಂದು ವೃತ್ತಿಗೆ ಒಯ್ಯುವುದಿಲ್ಲ. ಅನುವಾದ, ಗ್ರಂಥಸಂಪಾದನೆ, ಪತ್ರಿಕೋದ್ಯಮ, ನಿಘಂಟು ರಚನೆ, ದಾಖಲೆಗಳ ಸಂರಕ್ಷಣೆ ಮುಂತಾದ ಕ್ಷೇತ್ರಗಳಲ್ಲಿ ಅಂಕಪಟ್ಟಿಯ ಜೊತೆಗೆ ಮಾಡಿ ತೋರಿಸಿದ ಕೆಲಸವನ್ನೂ ಕೇಳುತ್ತಾರೆ. ಪದವಿ ಮುಗಿಯುವಷ್ಟರಲ್ಲಿ ಪ್ರಕಟವಾದ ಕೆಲವು ಅನುವಾದಗಳು ನಿಮ್ಮ ಕೈಯಲ್ಲಿದ್ದು, ಸುಲಭದ ಎನ್5ರಿಂದ ಕಠಿಣವಾದ ಎನ್1ರವರೆಗೆ ಐದು ಹಂತಗಳಿರುವ ಜಪಾನಿ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್2 ದಾಟಿದ್ದರೆ ಮನೆಯಲ್ಲಿ ಮಾತನಾಡುವುದು ಸುಲಭವಾಗುತ್ತದೆ.

ಪ್ರಶ್ನೆ: ಯಂತ್ರಗಳೇ ಅನುವಾದ ಮಾಡುತ್ತಿರುವಾಗ ಭಾಷೆಯನ್ನು ಓದಿ ಪ್ರಯೋಜನವೇನು?

ಉತ್ತರ: ಬಳಕೆದಾರರ ಕೈಪಿಡಿಯಂಥ ಬರಹಗಳ ಮೊದಲ ಕರಡನ್ನು ಈಗ ಯಂತ್ರವೇ ಸಿದ್ಧಪಡಿಸಬಲ್ಲದು, ಆ ಬಗೆಯ ಕೆಲಸವನ್ನಷ್ಟೇ ನಂಬಿ ಪದವಿಗೆ ಸೇರಬೇಡಿ. ಆದರೆ ‘ಬಂದರು’ ಎಂಬ ಒಂದು ಕನ್ನಡ ಪದವನ್ನು ಗಮನಿಸಿ. ಬಂದವರು ಗೌರವಕ್ಕೆ ಪಾತ್ರನಾದ ಒಬ್ಬ ಗಂಡಸೋ, ಒಬ್ಬ ಹೆಂಗಸೋ, ಹಲವರೋ ಎಂಬುದನ್ನು ಆ ಪದ ಹೇಳುವುದಿಲ್ಲ, ಇಂಗ್ಲಿಷ್ ಮಾತ್ರ ಹೇಳಲೇಬೇಕೆಂದು ಒತ್ತಾಯಿಸುತ್ತದೆ. ಯಂತ್ರ ಅಲ್ಲಿ ತಪ್ಪಾಗಿ ಊಹಿಸಿದಾಗ ಅದನ್ನು ಹಿಡಿಯಬಲ್ಲವರು ಎರಡೂ ಭಾಷೆಗಳನ್ನು ಬಲ್ಲ, ಹಿಂದಿನ ಪುಟಗಳನ್ನು ಓದಿರುವ ವ್ಯಕ್ತಿಯೇ.