ಮ್ಯಾನೇಜರ್ ಆರಿಸುವಾಗ ವರ್ಷ ಎಣಿಸಬೇಡಿ

ಓದುಗರೊಬ್ಬರ ಪತ್ರ: ‘ನಮ್ಮ ಕಂಪನಿಗೊಬ್ಬ ಮ್ಯಾನೇಜರ್ ಬೇಕು. ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬರಿಗೆ 18 ವರ್ಷದ ಅನುಭವ, ಆದರೆ ಇಂಟರ್‌ವ್ಯೂ ಪೂರ್ತಿ ಹಳೇ ತಂಡದ ಮೇಲೆ ದೂರು. ಇನ್ನೊಬ್ಬರಿಗೆ ಆರೇ ವರ್ಷ. ತಮ್ಮ ಕೈಯಲ್ಲಿ ಕೆಟ್ಟುಹೋದ ಕೆಲಸವೊಂದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ನನಗೆ ಎರಡನೆಯವರು ಹಿಡಿಸಿದರು. ಪಾಲುದಾರರು ಅನುಭವವೇ ಮುಖ್ಯ ಅಂತಾರೆ. ನಿಮ್ಮ ಅಭಿಪ್ರಾಯ?’

ನಿಮಗೆ ಹಿಡಿಸಿದವರನ್ನೇ ತೆಗೆದುಕೊಳ್ಳಿ. ಪತ್ರ ಓದುತ್ತಲೇ ನನಗೆ ಹಾಗನ್ನಿಸಿತು.

ಅನುಭವ ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ತಪ್ಪಿಗೆ ಜೀವ ಹೋಗುವಂಥ ಕಡೆ ಕೆಲಸ ಅರಿಯದವರನ್ನು ಮೇಲೆ ಕೂರಿಸಬಾರದು, ಒಪ್ಪಿದೆ. ಆದರೆ ವರ್ಷಗಳ ಲೆಕ್ಕವನ್ನು ನಾವು ಅತಿಯಾಗಿ ನಂಬುತ್ತೇವೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು ನೇಮಕಾತಿಯ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಯನ್ನೆಲ್ಲ ಕಲೆಹಾಕಿದರು. ಅನುಭವದ ವರ್ಷಗಳಿಗೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇದ್ದ ನಂಟು 0.18 ಅಷ್ಟೇ. ಪೂರ್ತಿ ನಂಟಿದ್ದರೆ 1 ಬರಬೇಕು. ಪ್ರಾಮಾಣಿಕತೆ ಅಳೆಯುವ ಪರೀಕ್ಷೆಗಳಿಗೆ 0.41 ಬಂತು! 2019ರಲ್ಲಿ ಇನ್ನೊಂದು ತಂಡ 81 ಅಧ್ಯಯನ ನೋಡಿತು. ಹಿಂದಿನ ಕೆಲಸಗಳ ಅನುಭವಕ್ಕೆ ಸಿಕ್ಕಿದ್ದು 0.06. ಪಾಲುದಾರರಿಗೆ ಇದನ್ನು ಓದಿ ಹೇಳಿ.

ಹಿಂದೆ ನಾನಿದ್ದ ಕಚೇರಿಯಲ್ಲಿ ಒಬ್ಬ ಮುಖ್ಯಸ್ಥರಿದ್ದರು. ಕೆಲಸದಲ್ಲಿ ಪಳಗಿದ ಕೈ. ಒಮ್ಮೆ ತಪ್ಪು ಅಂಕಿ ಅಚ್ಚಾಗಿಬಿಟ್ಟಿತು. ಮೇಲಿನವರು ಬಂದು ಕೇಳಿದಾಗ, ‘ಹುಡುಗಿ ಹೊಸಬಳು, ನಾನು ನೋಡಿರಲಿಲ್ಲ’ ಅಂದರು. ಪ್ರೂಫ್ ಹಾಳೆ ಅಲ್ಲೇ ಮೇಜಿನ ಮೇಲಿತ್ತು. ಆ ಅಂಕಿಯ ಪಕ್ಕದಲ್ಲೇ ಅವರ ಹಸಿರು ಶಾಯಿಯ ಟಿಕ್ ಮಾರ್ಕ್! ಹುಡುಗಿ ಅದನ್ನು ನೋಡಿದಳು, ನಾವೂ ನೋಡಿದೆವು, ಯಾರೂ ಬಾಯಿಬಿಡಲಿಲ್ಲ. ಆಮೇಲೆ ಆ ವಿಭಾಗದಲ್ಲಿ ಯಾರಿಗೆ ಯಾವ ತಪ್ಪು ಕಂಡರೂ ಸುಮ್ನೆ ಇರುತ್ತಿದ್ದರು. ಹೇಳಿದವರ ತಲೆಗೇ ಅದು ಬರುತ್ತೆ ಅಂತ ಗೊತ್ತಾಗಿತ್ತಲ್ವಾ? ಸಾಫ್ಟ್‌ವೇರ್, ಬಜೆಟ್ ಎಲ್ಲ ಆರು ತಿಂಗಳಲ್ಲಿ ಕಲಿಯಬಹುದು. ಕೈಕೆಳಗಿನವರ ತಲೆಗೆ ಕಟ್ಟುವ ಚಾಳಿಯನ್ನು ಆ ವಯಸ್ಸಿನಲ್ಲಿ ಯಾರು ಬಿಡಿಸುತ್ತಾರೆ?

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಸ್ವಲ್ಪ ಗದರಬೇಕು. ‘ಹಿಡಿಸಿದರು’ ಅಂದಿರಿ, ಯಾಕೆ ಹಿಡಿಸಿದರು? ನಿಮ್ಮಂತೆಯೇ ಮಾತಾಡುತ್ತಾರೆ ಅಂತಲೋ? ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ ದೊಡ್ಡ ಕಂಪನಿಗಳಲ್ಲಿ ನೇಮಕ ಮಾಡುವ 120 ಜನರನ್ನು ಮಾತಾಡಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮಂಥದೇ ಹವ್ಯಾಸ, ತಮ್ಮಂಥದೇ ಹಿನ್ನೆಲೆ ಇರುವವರ ಕಡೆಗೇ ಅವರಲ್ಲಿ ಹಲವರು ವಾಲುತ್ತಿದ್ದರು. ಮೌಲ್ಯ ನೋಡುವುದು ಅಂದರೆ ನಮ್ಮವರನ್ನು ಹುಡುಕುವುದಲ್ಲ. ಬಾಯಿಮಾತನ್ನೂ ನಂಬಬೇಡಿ. ಗೌರವ, ಪ್ರಾಮಾಣಿಕತೆ ಎಂದು ತನ್ನ ಮೌಲ್ಯಗಳನ್ನು ಸಾರಿಕೊಂಡಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್, ಲೆಕ್ಕಪತ್ರದ ಮೋಸ ಬಯಲಾಗಿ 2001ರ ಡಿಸೆಂಬರ್‌ನಲ್ಲಿ ದಿವಾಳಿ ಎದ್ದಿತು.

ಆದ್ದರಿಂದ ಇಬ್ಬರ ಕೈಕೆಳಗೂ ಕೆಲಸ ಮಾಡಿದವರಿಗೆ ಫೋನ್ ಮಾಡಿ. ‘ನೀವು ಕೆಟ್ಟ ಸುದ್ದಿ ತಂದಾಗ ಅವರು ಏನು ಮಾಡುತ್ತಿದ್ದರು?’ ಅಂತ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ ಅನ್ನುವುದೇ ನನ್ನ ಸಿಟ್ಟು. ಹಳೇ ಬಾಸ್‌ಗೆ ಫೋನ್ ಹೋಗುತ್ತದೆ, ದಿನಾ ಅನುಭವಿಸಿದವರಿಗೆ ಹೋಗುವುದಿಲ್ಲ. ಜಾಹೀರಾತಿನಲ್ಲಿ ‘ಕನಿಷ್ಠ 15 ವರ್ಷ’ ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕಾಯಿಲೆಯ ತಾಯಿಯನ್ನೋ ಮಗುವನ್ನೋ ನೋಡಿಕೊಳ್ಳಲು ನಾಲ್ಕು ವರ್ಷ ಮನೆಯಲ್ಲಿದ್ದವರ ಅರ್ಜಿ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಕಂಪ್ಯೂಟರ್ ಸೋಸಿ ಎಸೆಯುತ್ತದೆ. ಇನ್ನೊಬ್ಬರ ಹೊಣೆ ಹೊರಬಲ್ಲೆ ಅಂತ ತೋರಿಸಿಕೊಟ್ಟವರು ಅವರೇ. ನಿಮಗೆ ಬಂದ ಅರ್ಜಿಗಳಲ್ಲೂ ಅಂಥವರು ಇದ್ದರೇನೋ, ಬದಿಗಿಟ್ಟ ಕಟ್ಟನ್ನು ಇನ್ನೊಮ್ಮೆ ಬಿಚ್ಚಿ ನೋಡಿ.

— ಸಂಪಾದಕ