ತಿದ್ದುಪಡಿಯ ಚೌಕದಲ್ಲಿ ಜಾಹೀರಾತೇಕೆ?

ಓದುಗರ ಪತ್ರ

‘ಅಪ್‌ಡೇಟ್ ಜೊತೆ ಪ್ರಚಾರ ಕೂಡದೆಂದು ಬರೆದಿದ್ದೀರಿ. ಕಂಪನಿಯವರು ಅಪ್‌ಡೇಟ್ ಜೊತೆ ತಮ್ಮ ಹೊಸ ತಂತ್ರಾಂಶದ ಪ್ರಿವ್ಯೂ (ಮುಂಗಡ ಮಾದರಿ) ಒಂದನ್ನು “ಬೇಕಾದರೆ ಹಾಕಿಕೊಳ್ಳಿ” ಎಂದು ಪಟ್ಟಿಯಲ್ಲಿಟ್ಟರೆ ನಿಮಗೇಕೆ ಇಷ್ಟು ಸಿಟ್ಟು? ಟಿಕ್ ಹಾಕಿದವರಿಗೆ ಮಾತ್ರ ಅದು ಬರುತ್ತದೆ. ಪೇಟೆಯಿಂದ ದೂರ ಇರುವ ನಮ್ಮಂಥವರಿಗೆ ಹೊಸದು ತಿಳಿಯುವುದೇ ಹಾಗೆ. ನಿಮ್ಮ ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲಿ ಜಾಹೀರಾತು ಇಲ್ಲವೇ? ಇನ್ನೊಂದು ಮಾತು: ಅಂಗಡಿಯಲ್ಲಿ ವಿಂಡೋಸ್ 10 ಇರುವ ಎರಡು ಕಂಪ್ಯೂಟರುಗಳಿವೆ. ಅವಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲವಂತೆ. ಏನು ಮಾಡಲಿ?’

— ಡಿಟಿಪಿ ಅಂಗಡಿಯ ಮಾಲೀಕರು, ತೀರ್ಥಹಳ್ಳಿ

ಸಂಪಾದಕರ ಉತ್ತರ

ಮಾನ್ಯರೇ,

ರಕ್ಷಾಪುಟದ ಏಟು ಸರಿಯಾದ ಜಾಗಕ್ಕೇ ಬಿತ್ತು. ಹೌದು, ಅಲ್ಲಿ ಜಾಹೀರಾತಿದೆ. ಕಾಗದದ ದುಡ್ಡು ಹುಟ್ಟುವುದೇ ಅದರಿಂದ. ಆದರೆ ಪರಿವಿಡಿಯ ಕೆಳಗೆ ‘ತಿದ್ದುಪಡಿ’ ಎಂಬ ಸಣ್ಣ ಚೌಕವೊಂದಿದೆಯಲ್ಲ, ಅದನ್ನು ನೋಡಿ. ಔಷಧಿಯ ಅಳತೆಯಲ್ಲೊಂದು ಸೊನ್ನೆ ಹೆಚ್ಚಾಗಿ ಅಚ್ಚಾದರೆ ಸರಿಪಡಿಸುವ ಜಾಗ ಅದು. ಆ ಚೌಕದೊಳಗೆ ಸೀರೆ ಅಂಗಡಿಯ ಆಷಾಢ ರಿಯಾಯಿತಿಯನ್ನೂ ತೂರಿಸಿದರೆ, ಎಷ್ಟೇ ವಿನಯದಿಂದ ‘ಬೇಕಾದರೆ ಓದಿ’ ಎಂದು ಬರೆದರೂ, ಎರಡು ಸಂಚಿಕೆ ಕಳೆಯುವಷ್ಟರಲ್ಲಿ ಓದುಗರು ಚೌಕವನ್ನೇ ಹಾರಿಸಿ ಮುಂದೆ ಹೋಗುತ್ತಾರೆ. ಮೂರನೆಯ ಸಂಚಿಕೆಯಲ್ಲಿ ಔಷಧಿಯ ಅಳತೆ ತಪ್ಪಿರುತ್ತದೆ.

ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಪ್ರಿವ್ಯೂ ಎಂದದ್ದೆಲ್ಲ ಪ್ರಚಾರವಲ್ಲ. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ಪ್ಯಾಚ್‌ಗಳನ್ನು, ಅಂದರೆ ತಂತ್ರಾಂಶದ ತೂತು ಮುಚ್ಚುವ ತೇಪೆಗಳನ್ನು, ಬಿಡುತ್ತಾ ಬಂದಿದೆ. ಅವು ಹೊರಬರುವುದು ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಿಗ್ಗೆ ಹತ್ತಾದಾಗ; ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಬುಧವಾರ ಅಂಗಡಿ ತೆರೆದ ಕೂಡಲೇ ಕಂಪ್ಯೂಟರ್ ರಿಸ್ಟಾರ್ಟ್ ಕೇಳುವುದು ಅದಕ್ಕೇ. ತಿಂಗಳ ಕೊನೆಯ ಹೊತ್ತಿಗೆ ಇನ್ನೊಂದು ಬರುತ್ತದೆ, ಪ್ರಿವ್ಯೂ ಎಂಬ ಹಣೆಪಟ್ಟಿಯೊಂದಿಗೆ. ಮುಂದಿನ ತಿಂಗಳು ಎಲ್ಲರಿಗೂ ಸಿಗಲಿರುವ, ಭದ್ರತೆಗೆ ಸಂಬಂಧಿಸದ ದುರಸ್ತಿಗಳು ಅದರಲ್ಲಿರುತ್ತವೆ. ಪ್ರಿಂಟರ್ ಕೈಕೊಟ್ಟು, ಅದರ ಪರಿಹಾರ ಆ ಪ್ರಿವ್ಯೂನಲ್ಲೇ ಇದ್ದರೆ ಖಂಡಿತ ಹಾಕಿಕೊಳ್ಳಿ. ಬಿಟ್ಟರೂ ನಷ್ಟವಿಲ್ಲ, ಎರಡನೆಯ ಮಂಗಳವಾರದ ಕಟ್ಟಿನೊಳಗೆ ಅದೆಲ್ಲ ಸೇರಿಯೇ ಬರುತ್ತದೆ. ಇಂಥ ಪ್ರಿವ್ಯೂಗಳೂ ಎಡವುತ್ತವೆ ಅನ್ನಿ: 2024ರ ಜೂನ್ ಕೊನೆಯಲ್ಲಿ ಬಂದ ಕೆಬಿ5039302 ಸಂಖ್ಯೆಯ ಪ್ರಿವ್ಯೂ, ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ಬಳಸುವ ಕೆಲವು ವಿಂಡೋಸ್ 11 ಯಂತ್ರಗಳನ್ನು ಮತ್ತೆ ಮತ್ತೆ ರಿಸ್ಟಾರ್ಟ್ ಮಾಡಿಸಿತು, ಅದನ್ನು ತಡೆಹಿಡಿಯಬೇಕಾಯಿತು.

ನನ್ನ ತಕರಾರು ಮಾರಾಟಕ್ಕಿಟ್ಟ ಪ್ರಿವ್ಯೂ ಮೇಲೆ. ಅಪ್‌ಡೇಟ್ ಸೇವೆ ಸಾಮಾನ್ಯ ಪ್ರೋಗ್ರಾಮ್ ಅಲ್ಲ. ವಿಂಡೋಸಿನಲ್ಲಿ ಅದು ಆಡಳಿತಗಾರನಿಗಿಂತಲೂ ಮೇಲಿನ ‘ಸಿಸ್ಟಮ್’ ಅಧಿಕಾರದಲ್ಲಿ ಓಡುತ್ತದೆ; ಪಾಸ್‌ವರ್ಡ್ ಕೇಳುವುದಿಲ್ಲ, ನೀವು ಮಲಗಿದ ಮೇಲೂ ಕೆಲಸ ಮಾಡುತ್ತದೆ, ಯಾವ ಫೈಲನ್ನೂ ಬದಲಿಸಬಲ್ಲದು. ಇಂಥ ಕೀಲಿಕೈಯನ್ನು ನಾವು ಕೊಟ್ಟಿರುವುದು ಒಂದೇ ಕಾರಣಕ್ಕೆ: ತೂತು ಮುಚ್ಚಲು ಪುರುಸೊತ್ತಿಲ್ಲ, ಬರುವುದನ್ನು ಓದಿ ತೂಗುವ ತಿಳಿವಳಿಕೆಯೂ ಎಲ್ಲರಿಗಿಲ್ಲ. ಅಂದರೆ ಓದದೆ ‘ಹೂಂ’ ಎನ್ನುವ ಅಭ್ಯಾಸವೇ ಈ ವ್ಯವಸ್ಥೆಯ ಬಂಡವಾಳ. ಮಾರಾಟಗಾರ ಬಂದು ನಿಲ್ಲಬಯಸುವುದೂ ಅಲ್ಲೇ.

‘ಟಿಕ್ ಹಾಕಿದವರಿಗೆ ಮಾತ್ರ’ ಎಂದಿರಿ. ಟಿಕ್ ಹಾಕುವವರು ಯಾರು ಎಂದು ನೋಡೋಣ.

2008ರ ಮಾರ್ಚ್. ಹಾಡು ಕೇಳುವ ಐಟ್ಯೂನ್ಸ್‌ಗಾಗಿ ಆ್ಯಪಲ್‌ನ ಅಪ್‌ಡೇಟರ್ ಇಟ್ಟುಕೊಂಡಿದ್ದ ವಿಂಡೋಸ್ ಬಳಕೆದಾರರ ಪಟ್ಟಿಯಲ್ಲಿ, ಅವರ ಬಳಿ ಇಲ್ಲವೇ ಇಲ್ಲದ ಸಫಾರಿ 3.1 ಬ್ರೌಸರ್ ಕಾಣಿಸಿಕೊಂಡಿತು, ಟಿಕ್ ಸಮೇತ. ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಜಾನ್ ಲಿಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು: ಅಪ್‌ಡೇಟ್ ಮೇಲಿನ ನಂಬಿಕೆಯೇ ಹೋದರೆ ಪೆಟ್ಟು ಒಂದು ಕಂಪನಿಗಲ್ಲ, ಇಡೀ ಅಂತರ್ಜಾಲದ ಸುರಕ್ಷತೆಗೆ. ಆ್ಯಪಲ್ ಮುಂದಿನ ತಿಂಗಳು ‘ಅಪ್‌ಡೇಟ್’ ಮತ್ತು ‘ಹೊಸ ತಂತ್ರಾಂಶ’ ಎಂದು ಪಟ್ಟಿಯನ್ನು ಎರಡಾಗಿ ಸೀಳಿತು. ಟಿಕ್ ಮಾತ್ರ ಕೂತಲ್ಲೇ ಕೂತಿತ್ತು.

ಆಗ ಬ್ರೌಸರಿನೊಳಗೆ ಪ್ರೋಗ್ರಾಮುಗಳನ್ನು ಓಡಿಸಲು ಬಳಸುತ್ತಿದ್ದ ಜಾವಾದ ಕಥೆ ಇದಕ್ಕಿಂತ ಕೊಳಕು. 2013ರ ಜನವರಿಯಲ್ಲಿ ಅದರಲ್ಲಿ ಎಂಥ ಬಿರುಕು ಸಿಕ್ಕಿತೆಂದರೆ, ಬ್ರೌಸರಿನಲ್ಲಿ ಜಾವಾವನ್ನು ಆಫ್ ಮಾಡಿಬಿಡಿ ಎಂದು ಅಮೆರಿಕದ ಗೃಹಭದ್ರತಾ ಇಲಾಖೆಯೇ ಹೇಳಿತು. ಜಾವಾದ ಒಡೆಯ ಕಂಪನಿ ಒರಾಕಲ್ ತುರ್ತು ಪ್ಯಾಚ್ ಕೊಟ್ಟಿತು. ಆದರೆ ಆ ಕಾಲದ ಜಾವಾ ಅಪ್‌ಡೇಟುಗಳ ಬೆನ್ನಿಗೇ ಆಸ್ಕ್ ಟೂಲ್‌ಬಾರ್ ಎಂಬ, ಬ್ರೌಸರಿಗೆ ಸೇರುವ ಹುಡುಕುಪಟ್ಟಿ ಅಂಟಿಕೊಂಡಿರುತ್ತಿತ್ತು, ಟಿಕ್ ಮೊದಲೇ ಬಿದ್ದಿರುತ್ತಿತ್ತು. ತೆಗೆಯಲು ಮರೆತರೆ ಟೂಲ್‌ಬಾರ್ ತಕ್ಷಣ ಬರುತ್ತಿರಲಿಲ್ಲ. ಸುಮಾರು ಹತ್ತು ನಿಮಿಷ ಕಾದು ಆಮೇಲೆ ಸೇರಿಕೊಳ್ಳುತ್ತಿತ್ತು. ಅನುಮಾನ ಬಂದು ಕೂಡಲೇ ಕಂಟ್ರೋಲ್ ಪ್ಯಾನಲ್ ತೆರೆದು ಹುಡುಕಿದವರಿಗೆ ಏನೂ ಕಾಣುತ್ತಿರಲಿಲ್ಲ.

ಟಿಕ್ಕೇ ಇಲ್ಲದಿದ್ದರೆ? ನಿಮ್ಮ ವಾದಕ್ಕೆ ಹತ್ತಿರದ ನಿದರ್ಶನ 2017ರ ಡಿಸೆಂಬರಿನದು. ಫೈರ್‌ಫಾಕ್ಸ್ ತನ್ನ ಪ್ರಯೋಗಗಳಿಗೆಂದು ಇಟ್ಟುಕೊಂಡಿದ್ದ ದಾರಿಯಲ್ಲಿ ಟಿವಿ ಧಾರಾವಾಹಿಯೊಂದರ ಪ್ರಚಾರದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರುವ ಪುಟ್ಟ ಪ್ರೋಗ್ರಾಮ್) ಕಳಿಸಿತು. ಬಳಕೆದಾರ ತಾನಾಗಿ ಚಾಲೂ ಮಾಡದ ಹೊರತು ಅದು ಏನನ್ನೂ ಮಾಡುತ್ತಿರಲಿಲ್ಲ. ಪಟ್ಟಿಯಲ್ಲಿ ಗೂಢವಾದ ಒಂದು ವಾಕ್ಯದೊಡನೆ ಸುಮ್ಮನೆ ಕೂತಿತ್ತು, ಅಷ್ಟೇ. ಜನ ವೈರಸ್ ಹೊಕ್ಕಿತೆಂದು ಬೆಚ್ಚಿದರು. ಮೊಜಿಲ್ಲಾ ಅದನ್ನು ಹಿಂತೆಗೆದು ಕ್ಷಮೆ ಕೇಳಿತು. ಒಂಬತ್ತು ವರ್ಷದ ಹಿಂದೆ ಆ್ಯಪಲ್‌ಗೆ ಬುದ್ಧಿ ಹೇಳಿದ್ದು ಇದೇ ಮನೆ!

ಇವೆಲ್ಲಕ್ಕೂ ದೊಡ್ಡದು ವಿಂಡೋಸ್ 10ರ ಪ್ರಚಾರ. ಅದನ್ನು ವಿವರವಾಗಿಯೇ ಹೇಳಬೇಕು. 2015ರ ವಸಂತದಲ್ಲಿ ವಿಂಡೋಸ್ 7 ಮತ್ತು 8.1ಕ್ಕೆ ಕೆಬಿ3035583 ಎಂಬ ಅಪ್‌ಡೇಟ್ ಬಂತು. ವಿವರಣೆಯಲ್ಲಿದ್ದದ್ದು ಅಪ್‌ಡೇಟ್ ಸೂಚನೆಗಳನ್ನು ಸುಧಾರಿಸುತ್ತದೆ ಎಂಬರ್ಥದ ಒಂದು ಸಾಲು. ಜೂನ್ 1ರಂದು ಗಡಿಯಾರದ ಪಕ್ಕ ಬಿಳಿ ಕಿಟಕಿಯ ಚಿತ್ರ ಮೂಡಿ ‘ನಿಮ್ಮ ಉಚಿತ ಪ್ರತಿ ಕಾಯ್ದಿರಿಸಿ’ ಎಂದಾಗಲೇ ಅದರ ನಿಜವಾದ ಕೆಲಸ ತಿಳಿದದ್ದು. ಕಾಯ್ದಿರಿಸದವರ ಡಿಸ್ಕಿಗೂ ಇನ್‌ಸ್ಟಾಲ್ ಫೈಲುಗಳು ಮೊದಲೇ ಇಳಿಯತೊಡಗಿದವು, ಕೆಲವರಿಗೆ 6 ಜಿಬಿವರೆಗೆ. ಜಿಯೋ ಇನ್ನೂ ಬಾರದ ಕಾಲ. ಮೊಬೈಲ್ ಡೇಟಾ ಜಿಬಿಗೆ ಸುಮಾರು 250 ರೂಪಾಯಿ. ಡಾಂಗಲ್ ಚುಚ್ಚಿಕೊಂಡು ಪಹಣಿ ಪ್ರಿಂಟ್ ತೆಗೆಯುತ್ತಿದ್ದ ಅಂಗಡಿಗಳ ಲೆಕ್ಕ ನೀವೇ ಹಾಕಿ.

2016ರ ಫೆಬ್ರವರಿಯಲ್ಲಿ ಆ ಅಪ್‌ಗ್ರೇಡ್ ‘ಆಪ್ಷನಲ್’ ಗುಂಪಿನಿಂದ ‘ರೆಕಮೆಂಡೆಡ್’ ಗುಂಪಿಗೆ ಜಿಗಿಯಿತು. ವಿಂಡೋಸ್ 7ರ ಅಪ್‌ಡೇಟ್ ಸೆಟ್ಟಿಂಗಿನಲ್ಲಿ, ಶಿಫಾರಸಾದವುಗಳನ್ನೂ ಮುಖ್ಯವಾದವುಗಳಂತೆಯೇ ತರಿಸು ಎಂಬ ಟಿಕ್ ಒಂದಿತ್ತು. ಕಂಪನಿ ಹೇಳಿದಂತೆ ಸೆಟ್ಟಿಂಗ್ ಇಟ್ಟುಕೊಂಡ ಬಹುಪಾಲು ಜನರಲ್ಲಿ ಅದು ಬಿದ್ದೇ ಇರುತ್ತಿತ್ತು. ಹಾಗಾಗಿ ಬಳಕೆದಾರ ಬೆರಳು ಅಲುಗಿಸದೆಯೇ ‘ಬೇಕಾದರೆ’ ಎಂಬುದು ‘ತಾನಾಗಿ’ ಎಂದಾಯಿತು. ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ: ಕಿಟಕಿ ಮುಚ್ಚಲೆಂದು ಮೂಲೆಯ ಕೆಂಪು ಗುಣಿಸು ಗುರುತು ಒತ್ತಿದರೆ, ಅದು ನಿಗದಿಯಾದ ಅಪ್‌ಗ್ರೇಡಿಗೆ ಒಪ್ಪಿಗೆ ಎಂದೇ ಲೆಕ್ಕ. ಕೇಳದೆ ಬಂದ ಅಪ್‌ಗ್ರೇಡಿನಿಂದ ವ್ಯವಹಾರ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಟ್ರಾವೆಲ್ ಏಜೆನ್ಸಿಯ ಮಹಿಳೆಯೊಬ್ಬರು ಕೋರ್ಟಿಗೆ ಹೋಗಿ 10,000 ಡಾಲರ್ ಪಡೆದರು. ಮೈಕ್ರೋಸಾಫ್ಟಿನ ಆಗಿನ ಮಾರ್ಕೆಟಿಂಗ್ ಮುಖ್ಯಸ್ಥ ಕ್ರಿಸ್ ಕಪಾಸೆಲಾ ಅದೇ ವರ್ಷದ ಡಿಸೆಂಬರಿನಲ್ಲಿ, ಅತಿಯಾಯಿತು ಎಂದು ಒಪ್ಪಿಕೊಂಡರು. ಉಚಿತ ಅವಧಿ ಮುಗಿದದ್ದು ಜುಲೈ 29ಕ್ಕೆ. ತಪ್ಪೊಪ್ಪಿಗೆಗೆ ಮುಹೂರ್ತ ಚೆನ್ನಾಗಿಯೇ ಸಿಕ್ಕಿತು.

ಇದರ ಬೆಲೆ ಎಲ್ಲಿ ಬಿತ್ತು? ನಿಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವರನ್ನು ಕೇಳಿ. ‘ಅಪ್‌ಡೇಟ್ ಆಫ್ ಮಾಡಿಕೊಡಿ’ ಎಂದು ಬರುವ ಗಿರಾಕಿಗಳಿಗೆ ಅವರು ಸರ್ವಿಸಸ್ ಪಟ್ಟಿ ತೆರೆದು ‘ವಿಂಡೋಸ್ ಅಪ್‌ಡೇಟ್’ ಸಾಲನ್ನು ‘ಡಿಸೇಬಲ್ಡ್’ ಮಾಡಿ ಕಳಿಸುತ್ತಾರೆ. ಪ್ರಚಾರದ ಜೊತೆಗೆ ಪ್ಯಾಚೂ ನಿಂತಿತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಎಂಎಸ್17-010 ಎಂಬ ಪ್ಯಾಚ್ ಬಿಟ್ಟಿತ್ತು. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವನ್ನಾಕ್ರೈ ಮೇ 12ರಂದು ದಾಳಿ ಮಾಡಿದ್ದು ಆ ಪ್ಯಾಚ್ ಹಾಕದ ಯಂತ್ರಗಳ ಮೇಲೆ, ಹೆಚ್ಚಿನವು ವಿಂಡೋಸ್ 7. ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮೂರನೆಯ ಒಂದರಷ್ಟರ ಕೆಲಸ ಏರುಪೇರಾಯಿತು. ಅವೆಲ್ಲ ಪ್ರಚಾರಕ್ಕೆ ಬೇಸತ್ತು ಅಪ್‌ಡೇಟ್ ಆಫ್ ಮಾಡಿದ್ದವು ಎಂದು ನಾನು ಹೇಳುತ್ತಿಲ್ಲ; ದೊಡ್ಡ ಸಂಸ್ಥೆಗಳಲ್ಲಿ ಪ್ಯಾಚ್ ತಡವಾಗಲು ಬೇರೆ ಕಾರಣಗಳಿವೆ. ಮನೆ ಮತ್ತು ಅಂಗಡಿಯ ಯಂತ್ರಗಳ ಮಾತು ಬೇರೆ. ಅಲ್ಲಿ ಆಫ್ ಮಾಡುವ ಕೈ ಒಂದೇ, ಮಾಡಲು ಕಾರಣವೂ ಸಾಮಾನ್ಯವಾಗಿ ಒಂದೇ: ಕಿರಿಕಿರಿ.

ಉಚಿತ ತಂತ್ರಾಂಶದವರೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡಬೇಕು. ವಿಂಡೋಸಿಗೆ ಬದಲಾಗಿ ಬಳಸುವ ಉಬುಂಟುವಿನಲ್ಲಿ ಪ್ಯಾಚ್ ಹಾಕುವಾಗ, 2022ರ ಅಕ್ಟೋಬರಿನಿಂದ, ಉಬುಂಟು ಪ್ರೋ ಎಂಬ ಚಂದಾ ಸೇವೆಗೆ ಸೇರಿ ಎಂಬ ಸಾಲುಗಳು ನಡುವೆ ಇಣುಕತೊಡಗಿದವು. ಐದು ಯಂತ್ರಗಳವರೆಗೆ ಅದು ಪುಕ್ಕಟೆ, ಸಾಲೂ ಚಿಕ್ಕದು. ಜಾಗ ಮಾತ್ರ ಅದೇ.

ನಮ್ಮ ದೇಶದಲ್ಲಿ ಈ ವಿಂಗಡಣೆ ಗೊತ್ತಿಲ್ಲವೆಂದಲ್ಲ. ನಿಮ್ಮ ಮೊಬೈಲಿಗೆ ಬರುವ ಎಸ್ಸೆಮ್ಮೆಸ್‌ನ ಕಳಿಸಿದವರ ಹೆಸರಿನ ಕೊನೆಯಲ್ಲೀಗ ಒಂದಕ್ಷರ ಇರುತ್ತದೆ: ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮವದು. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ಸಂಖ್ಯೆ, ಸೇವೆಯವಕ್ಕೆ 1600. ಪೀಡಿಸುವುದು, ಬಲವಂತದ ಕ್ರಿಯೆ, ವೇಷ ಮರೆಸಿದ ಜಾಹೀರಾತು ಸೇರಿ 13 ಬಗೆಯ ಕುಟಿಲ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಪಟ್ಟಿ ಮಾಡಿದೆ. ನೂರಾರು ಅಕ್ಷರದ ಸಂದೇಶಕ್ಕೆ ಇರುವ ಈ ಶಿಸ್ತು, ಗಿಗಾಬೈಟ್ ಲೆಕ್ಕದಲ್ಲಿ ಡಿಸ್ಕಿಗೆ ಇಳಿಯುವ ಸರಕಿಗೆ ಯಾಕಿಲ್ಲ? ಬ್ಯಾಂಕಿನ ಆ್ಯಪ್ ತೆರೆದರೆ ಬ್ಯಾಲೆನ್ಸ್‌ಗಿಂತ ಮೊದಲು ಸಾಲದ ಆಹ್ವಾನ. ಬೆಲೆ ಕೊಟ್ಟು ತಂದ ಟಿವಿಯ ಮೊದಲ ಪರದೆಯಲ್ಲಿ ನೋಡಲು ಬಯಸದ ಸಿನಿಮಾದ ಟ್ರೇಲರ್. ಕೊಂಡ ವಸ್ತುವಿನೊಳಗೆ ಮಾರಿದವನು ಬಾಡಿಗೆಗೆ ಉಳಿದುಕೊಳ್ಳುವ ಈ ಹೊಸ ಪದ್ಧತಿಗೆ ನಿಮ್ಮಂಥ ತಿಳಿದವರೂ ‘ಇರಲಿ ಬಿಡಿ’ ಅಂದರೆ ಹೇಗೆ ಸ್ವಾಮಿ? ಹೊಸದು ತಿಳಿಯಲು ಆ್ಯಪ್ ಸ್ಟೋರುಗಳಿವೆ, ಕಂಪನಿಯ ಜಾಲತಾಣವಿದೆ, ನಮ್ಮ ರಕ್ಷಾಪುಟವೂ ಇದೆ, ದರ ವಿಚಾರಿಸಬಹುದು.

ಇನ್ನು ಕೆಲಸದ ಮಾತು. ವಿಂಡೋಸ್ 11 ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು ‘ವಿಂಡೋಸ್ ಅಪ್‌ಡೇಟ್’ಗೆ ಹೋಗಿ. ಲೇಟೆಸ್ಟ್ ಅಪ್‌ಡೇಟುಗಳನ್ನು ಬಂದ ಕೂಡಲೇ ಕೊಡು ಎಂಬ ಸ್ವಿಚ್ ಅಲ್ಲಿದೆ, ಆಫ್ ಮಾಡಿಡಿ. ಭದ್ರತಾ ಪ್ಯಾಚ್ ಇದರಿಂದ ನಿಲ್ಲುವುದಿಲ್ಲ, ಪ್ರಿವ್ಯೂಗಳು ತಾವಾಗಿ ಇಳಿಯುವುದು ನಿಲ್ಲುತ್ತದೆ. ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗಿನ ‘ಆಪ್ಷನಲ್ ಅಪ್‌ಡೇಟ್ಸ್’ನಲ್ಲಿ ಡ್ರೈವರುಗಳೂ (ಪ್ರಿಂಟರಿನಂಥ ಸಾಧನಗಳನ್ನು ಓಡಿಸುವ ತಂತ್ರಾಂಶ) ಇರುತ್ತವೆ. ಪ್ರಿಂಟರ್ ಸರಿಯಾಗಿ ಓಡುತ್ತಿದ್ದರೆ ಅವನ್ನು ಮುಟ್ಟಬೇಡಿ. ತಯಾರಕರ ತಾಣದಲ್ಲಿರುವುದಕ್ಕಿಂತ ಹಳೆಯ ಆವೃತ್ತಿ ಅಲ್ಲಿ ಕೂತಿರುವುದುಂಟು. ಆಮೇಲೆ ‘ಸಿಸ್ಟಮ್’, ‘ನೋಟಿಫಿಕೇಷನ್ಸ್’, ಕೆಳತುದಿಯ ‘ಅಡಿಷನಲ್ ಸೆಟ್ಟಿಂಗ್ಸ್’. ಅಲ್ಲಿನ ಮೂರೂ ಟಿಕ್ ತೆಗೆಯಿರಿ: ಅಪ್‌ಡೇಟ್ ನಂತರದ ಸ್ವಾಗತ ಪರದೆ, ಸೆಟಪ್ ಮುಗಿಸುವ ಸಲಹೆ, ಟಿಪ್ಸ್. ‘ಪರ್ಸನಲೈಸೇಷನ್’ನ ‘ಸ್ಟಾರ್ಟ್’ ಪುಟದಲ್ಲಿ ಆ್ಯಪ್ ಪ್ರಚಾರದ ಸ್ವಿಚ್ ಇನ್ನೊಂದಿದೆ, ಅದನ್ನೂ ಆಫ್ ಮಾಡಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವುದಾದರೆ ಆ ವೈಫೈನ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ (ಡೇಟಾಕ್ಕೆ ಮಿತಿಯಿದೆ ಎಂಬ ಸೂಚನೆ) ಚಾಲೂ ಇರಲಿ.

‘ಚೆಕ್ ಫಾರ್ ಅಪ್‌ಡೇಟ್ಸ್’ ಗುಂಡಿಯನ್ನು ಬೇಸರ ಕಳೆಯಲೆಂದು ಒತ್ತಬೇಡಿ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಮೊದಲು ಸಿಕ್ಕಿದ್ದು ಆ ಗುಂಡಿ ಒತ್ತಿದವರಿಗೆ. ಒತ್ತಿದ್ದೇ ಒಪ್ಪಿಗೆ ಎಂದು ಲೆಕ್ಕವಾಗಿತ್ತು. ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಬೇರೆ ಜಾಗಕ್ಕೆ ತಿರುಗಿಸಿಕೊಂಡಿದ್ದ ಕೆಲವರ ಹಳೆಯ ಫೋಲ್ಡರಿನಲ್ಲಿ ಉಳಿದಿದ್ದ ಫೈಲುಗಳು ಅಳಿಸಿಹೋದವು. ನಾಲ್ಕೇ ದಿನಕ್ಕೆ ಅದನ್ನು ತಡೆದು, ನವೆಂಬರ್ 13ರಂದು ಮತ್ತೆ ಬಿಟ್ಟರು.

ನಿಮ್ಮ ಎರಡು ಹಳೆಯ ಯಂತ್ರಗಳ ವಿಷಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪ್ಯಾಚ್ ಕೊಡುವ ಏರ್ಪಾಡಾಯಿತು. ಅದರ ಶರತ್ತು ನೋಡಿ: ಒಂದೋ 30 ಡಾಲರ್, ಇಲ್ಲವೇ ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1,000 ಅಂಕ, ಇಲ್ಲವೇ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಒಪ್ಪಿಸಿ ಪುಕ್ಕಟೆ. ಅಂಕ ಗಳಿಸುವ ಮುಖ್ಯ ದಾರಿಯೆಂದರೆ ಅವರದೇ ಹುಡುಕುತಾಣ ಬಿಂಗ್‌ನಲ್ಲಿ ಹುಡುಕುವುದು. ಪ್ಯಾಚ್ ಜೊತೆ ಪ್ರಚಾರ ಬರುತ್ತಿದ್ದ ಕಾಲ ಹೋಗಿ, ಪ್ರಚಾರಕ್ಕೆ ಒಳಗಾದರೆ ಪ್ಯಾಚ್ ಎಂಬ ಕಾಲ ಬಂತು.

ಆದರೂ ಈ ಅವಧಿಯನ್ನು ಬಳಸಿಕೊಳ್ಳಿ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು; ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’ಯ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಕೊಂಡಿ ಕಾಣುತ್ತದೆ. ಒಂದು ಖಾತೆಯಡಿ ಹತ್ತು ಯಂತ್ರಗಳವರೆಗೆ ಸೇರಿಸಬಹುದು, ನಿಮ್ಮ ಎರಡಕ್ಕೂ ಒಂದೇ ಸಾಕು. ಪುಕ್ಕಟೆ ದಾರಿ ಹಿಡಿದರೆ ಬ್ಯಾಕಪ್ ಪರದೆಯಲ್ಲಿ ಸೆಟ್ಟಿಂಗುಗಳನ್ನು ಮಾತ್ರ ಚಾಲೂ ಇಟ್ಟು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳನ್ನೆಲ್ಲ ಆಫ್ ಮಾಡಿ. ಒನ್‌ಡ್ರೈವ್ ಎಂಬ ಅವರ ಕ್ಲೌಡ್ ಉಗ್ರಾಣ ಪುಕ್ಕಟೆ ಕೊಡುವುದು 5 ಜಿಬಿ. ಮದುವೆ ಕರೆಯೋಲೆಗಳ ಫೋಟೋಶಾಪ್ ಫೈಲುಗಳು ಅದನ್ನು ಒಂದು ಮುಹೂರ್ತದ ವಾರದಲ್ಲಿ ತುಂಬಿಸಿಬಿಡುತ್ತವೆ. ಆಮೇಲೆ ಹೆಚ್ಚಿನ ಜಾಗ ಕೊಳ್ಳಿ ಎಂಬ ಸೂಚನೆ ದಿನವೂ ಶುರುವಾಗುತ್ತದೆ.