ಎರಡು ಮ್ಯಾಚ್ ಸೋತಿದ್ದಕ್ಕೆ ಸೌತ್ ಬೆಂಡ್ ಯಾಕೆ ಅಷ್ಟು ಕುಗ್ಗಿಹೋಯ್ತು?

ನಿಮ್ಮ ಪ್ರಶ್ನೆ ಸೆಪ್ಟೆಂಬರಲ್ಲೇ ನೋಡಿದ್ದೆ, ಆಗ ಅರ್ಧ ಬರೆದು ಬಿಟ್ಟಿದ್ದೆ, ಈಗ ಸೀಸನ್ ಮುಗಿದ ಮೇಲೆ ಪೂರ್ತಿ ಮಾಡ್ತಿದೀನಿ. ನಿಮ್ಮ ಮಗಳು ಓದೋಕೆ ಅಂತ ಇಲ್ಲಿ ಅಮೆರಿಕದ ಸೌತ್ ಬೆಂಡ್ ಊರಿನ ನೋಟರ್ ಡೇಮ್ ಯೂನಿವರ್ಸಿಟಿಗೆ ಬಂದಿದಾಳೆ, ಕಾಲೇಜ್ ಫುಟ್‌ಬಾಲ್ ಟೀಮ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡೋ, ಎಸೆಯೋ ಅಮೆರಿಕನ್ ಆಟ) ಮೊದಲ ಎರಡು ಮ್ಯಾಚ್ ಸೋತಿದ್ದಕ್ಕೆ ಹಾಸ್ಟೆಲ್ ಪೂರ್ತಿ ಸೂತಕದ ಮನೆ ಥರ ಇದೆ ಅಂತ ಫೋನಲ್ಲಿ ಹೇಳಿದ್ಲು, ಇನ್ನೂ ಹತ್ತು ಮ್ಯಾಚ್ ಬಾಕಿ ಇರುವಾಗ ಇಷ್ಟೊಂದು ದುಃಖ ಯಾಕೆ ಅಂತ ನೀವು ಕೇಳಿದ್ರಿ. ನ್ಯಾಯವಾದ ಪ್ರಶ್ನೆ. ನಾನು ಹಾಸನದ ಕಡೆಯವನು, ಕೆಲಸಕ್ಕೆ ಅಂತ ಸೌತ್ ಬೆಂಡ್ ಪಕ್ಕದ ಮಿಶವಾಕಾಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಮೊದಲೆರಡು ವರ್ಷ ನನಗೂ ಇದೇ ಅನುಮಾನ ಇತ್ತು, ಈಗ ಶನಿವಾರ ಬಂತು ಅಂದ್ರೆ ನಮ್ಮನೇಲಿ ಬೇರೆ ಯಾವ ಕೆಲಸಾನೂ ನಡೆಯಲ್ಲ.

ನಾವು ಲೀಗ್ ಅಂದ್ರೆ ಐಪಿಎಲ್ ಲೆಕ್ಕದಲ್ಲಿ ಯೋಚನೆ ಮಾಡ್ತೀವಿ, ಗೊಂದಲ ಅಲ್ಲೇ ಶುರುವಾಗೋದು. 2024ರ ಆರ್‌ಸಿಬಿ ನೆನಪಿರಬೇಕಲ್ಲ, ಮೊದಲ 8 ಮ್ಯಾಚಲ್ಲಿ 7 ಸೋತು ಇನ್ನೇನು ಕಥೆ ಮುಗೀತು ಅನ್ನೋ ಹೊತ್ತಿಗೆ ಸಾಲಾಗಿ 6 ಗೆದ್ದು, ಕೊನೇ ಮ್ಯಾಚ್ ಚಿನ್ನಸ್ವಾಮಿಯಲ್ಲಿ ಚೆನ್ನೈನ ಸೋಲಿಸಿ ರನ್ ರೇಟ್ ಮೇಲೆ ಪ್ಲೇಆಫ್ ಸೇರಿದ್ರು. ಅದು ಆಗಿದ್ದು 10 ಟೀಮ್, ಒಂದೇ ಪಾಯಿಂಟ್ಸ್ ಟೇಬಲ್, ಎಲ್ಲರಿಗೂ 14 ಮ್ಯಾಚ್ ಅನ್ನೋ ಲೆಕ್ಕ ಇದ್ದಿದ್ದಕ್ಕೆ. ಇಲ್ಲಿ ಮೇಲಿನ ದರ್ಜೆಯಲ್ಲೇ 2025ರಲ್ಲಿ 136 ಕಾಲೇಜ್ ಟೀಮ್ ಇದ್ವು, ಒಂದೊಂದು ಟೀಮಿಗೆ ಬರೀ 12 ಮ್ಯಾಚ್, ಯಾರು ಯಾರ ಜೊತೆ ಆಡ್ತಾರೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ, ಹಾಗಾಗಿ ಎಲ್ಲರನ್ನೂ ಒಂದೇ ಟೇಬಲ್ಲಿಗೆ ಹಾಕಿ ನೋಡೋಕೆ ಆಗೋದೇ ಇಲ್ಲ, ಕೊನೆಗೆ ಒಂದು ಕಮಿಟಿ ಕೂತ್ಕೊಂಡು ರ‍್ಯಾಂಕ್ ಕೊಡುತ್ತೆ. ಅದರ ಮೇಲೆ 12 ಟೀಮ್ ಪ್ಲೇಆಫ್‌ಗೆ ಹೋಗುತ್ತೆ. ಬೇರೆ ದೊಡ್ಡ ಟೀಮ್‌ಗಳು ಯಾವುದಾದ್ರೂ ಕಾನ್ಫರೆನ್ಸ್‌ನಲ್ಲಿ, ಅಂದ್ರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡೋ ಟೀಮ್‌ಗಳ ಗುಂಪಲ್ಲಿ ಇರ್ತಾವೆ, ಅಲ್ಲಿ ಚಾಂಪಿಯನ್ ಆದ್ರೆ ನೇರವಾಗಿ ಒಳಗೆ ಹೋಗೋ ದಾರಿ ಇದೆ, ಆದ್ರೆ ನೋಟರ್ ಡೇಮ್ ಫುಟ್‌ಬಾಲಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರಿಲ್ಲ, ಒಂಟಿ, ಅದಕ್ಕಿರೋದು ಕಮಿಟಿ ಬಾಗಿಲು ಒಂದೇ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಕಾಲೇಜ್ ಫುಟ್‌ಬಾಲಲ್ಲಿ ಸೀಸನ್ನಿಗೆ ಮುಂಚೆ ಬೇರೆ ಟೀಮ್ ಜೊತೆ ಪ್ರಾಕ್ಟೀಸ್ ಮ್ಯಾಚ್ ಅಂತ ಇರಲ್ಲ. ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಲೆಕ್ಕಕ್ಕೆ ಬರದ 3 ಮ್ಯಾಚ್ ಆಡಿಸಿ ಆಮೇಲೆ ಸೀಸನ್ ಶುರು ಮಾಡ್ತಾರೆ, ಇಲ್ಲಿ ಹುಡುಗ್ರು ತಮ್ಮತಮ್ಮಲ್ಲೇ ಆಡಿಕೊಂಡು ನೇರ ಮೈದಾನಕ್ಕೆ ಇಳೀತಾರೆ. ಎಸ್ಸೆಸ್ಸೆಲ್ಸಿಗೆ ಪ್ರಿಪರೇಟರಿ ಇಲ್ಲದೆ ನೇರ ಬೋರ್ಡ್ ಎಕ್ಸಾಮ್ ಬರೆಸಿದ ಹಾಗೆ. ಅದರಲ್ಲೂ ಪ್ರತಿ ವರ್ಷ ಟೀಮೇ ಬದಲಾಗುತ್ತೆ, ಓದು ಮುಗಿಸಿದೋರು ಹೋಗ್ತಾರೆ, ಟ್ರಾನ್ಸ್‌ಫರ್ ತಗೊಂಡು ಬೇರೆ ಕಾಲೇಜಿಂದ ಒಂದಷ್ಟು ಜನ ಬರ್ತಾರೆ, ಕೋಚ್‌ಗಳೂ ಹೋಗ್ತಾರೆ. ಅದಕ್ಕೇ ಸೆಪ್ಟೆಂಬರಲ್ಲಿ ಒಳ್ಳೊಳ್ಳೆ ಟೀಮ್‌ಗಳೇ ಒಂದು ವಾರ ಸಿಂಹ, ಇನ್ನೊಂದು ವಾರ ಯಾರಪ್ಪ ಇವರು ಅನ್ನೋ ಹಾಗೆ ಆಡ್ತಾವೆ. ಕಲಿಯೋ ತಿಂಗಳು ಅದು, ಆದ್ರೆ ಮಾರ್ಕ್ಸ್ ಪೂರ್ತಿ ಲೆಕ್ಕಕ್ಕೆ.

2024ರಲ್ಲಿ ಏನಾಯ್ತು ಹೇಳ್ತೀನಿ ಕೇಳಿ, ಆಗ ನಿಮ್ಮ ಮಗಳ ಹಾಸ್ಟೆಲ್ಲಿನ ಭಯ ಅರ್ಥ ಆಗುತ್ತೆ. ಮೊದಲ ಮ್ಯಾಚ್ ಟೆಕ್ಸಾಸ್ ಎ ಆಂಡ್ ಎಂ ಊರಲ್ಲಿ, ಲಕ್ಷಕ್ಕೂ ಮೀರಿ ಜನ ಕಿರುಚಾಡೋ ಕೈಲ್ ಫೀಲ್ಡ್‌ನಲ್ಲಿ. ಕ್ವಾರ್ಟರ್‌ಬ್ಯಾಕ್ ರೈಲಿ ಲೆನರ್ಡ್ ಡ್ಯೂಕ್ ಯೂನಿವರ್ಸಿಟಿಯಿಂದ ಹೊಸದಾಗಿ ಬಂದಿದ್ದ, ಅಂದ್ರೆ ಯಾರಿಗೆ ಚೆಂಡು ಎಸೀಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಅಂತ ಪ್ರತಿ ಸಲ ತೀರ್ಮಾನ ಮಾಡೋ ಹುಡುಗನೇ ಹೊಸಬ. ಆದ್ರೂ 23-13ಕ್ಕೆ ಗೆದ್ರು, ಕೊನೇ ಎರಡು ನಿಮಿಷದ ಸುಮಾರಿಗೆ ನಮ್ಮ ಜೆರಮಾಯಾ ಲವ್ ಓಡಿ ಟಚ್‌ಡೌನ್ ಮಾಡಿದಾಗ, ಅಂದ್ರೆ ಚೆಂಡನ್ನ ಎದುರಾಳಿ ಕಡೆಯ ಕೊನೇ ಗೆರೆ ದಾಟಿಸಿ 6 ಪಾಯಿಂಟ್ ತಗೊಂಡಾಗ, ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ರು. ರ‍್ಯಾಂಕಲ್ಲಿ 5ನೇ ಜಾಗ.

ಮುಂದಿನ ಶನಿವಾರ, ಸೆಪ್ಟೆಂಬರ್ 7, ನಮ್ಮೂರಲ್ಲೇ ನಾರ್ದರ್ನ್ ಇಲಿನಾಯ್ ಜೊತೆ. ಸಣ್ಣ ಟೀಮ್, ಇಲ್ಲಿಗೆ ಬಂದು ಆಡೋಕೆ ಅಂತ ನೋಟರ್ ಡೇಮ್ ಅವರಿಗೆ 14 ಲಕ್ಷ ಡಾಲರ್ ಕೊಟ್ಟು ಕರೆಸಿತ್ತು, ಇಲ್ಲಿ ಅದು ಮಾಮೂಲಿ ಪದ್ಧತಿ. ಪಕ್ಕದ ಮನೆಯವರ ಹತ್ರ ಒಂದು ಟಿಕೆಟ್ ಜಾಸ್ತಿ ಇತ್ತು, ನಾನೂ ಹೋಗಿದ್ದೆ. ಕೊನೇ ಕ್ವಾರ್ಟರಲ್ಲಿ ನೋಟರ್ ಡೇಮ್ 14-13 ಮುಂದೆ, ಆಗ ಲೆನರ್ಡ್ ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ತು, ಅವರು ಸ್ವಲ್ಪ ಸ್ವಲ್ಪವೇ ಮುಂದೆ ಬಂದು 31 ಸೆಕೆಂಡ್ ಉಳಿದಿರುವಾಗ 35 ಗಜದಿಂದ ಚೆಂಡನ್ನ ಕಂಬಗಳ ಮಧ್ಯೆ ಒದ್ದು 3 ಪಾಯಿಂಟ್ ತಗೊಂಡ್ರು, 16-14. ಕೊನೇ ಪ್ರಯತ್ನವಾಗಿ ನಮ್ಮವರು 62 ಗಜದಿಂದ ಒದ್ದಿದ್ದನ್ನೂ ಅವರು ತಡೆದುಬಿಟ್ರು. ಎಪ್ಪತ್ತೇಳು ಸಾವಿರ ಜನ ಹಿಡಿಸೋ ಸ್ಟೇಡಿಯಂ, ನನ್ನ ಪಕ್ಕ ಕೂತಿದ್ದ ವಯಸ್ಸಾದ ದಂಪತಿ ಒಂದು ಮಾತೂ ಆಡದೆ ಎದ್ದು ಹೋದ್ರು, ಆ ಮೌನ ನಾನು ಇವತ್ತಿಗೂ ಮರೆತಿಲ್ಲ. ಆ ಕಡೆ ನಾರ್ದರ್ನ್ ಇಲಿನಾಯ್ ಕೋಚ್ ಥಾಮಸ್ ಹ್ಯಾಮಕ್ ಕ್ಯಾಮೆರಾ ಮುಂದೆ ಖುಷಿಗೆ ಅಳ್ತಿದ್ರು, ಅದನ್ನ ರಾತ್ರಿ ಮನೇಲಿ ನೋಡಿದಾಗ ಈ ಸೋಲಿನ ನೋವಲ್ಲೂ ಅವರ ಮೇಲೆ ಗೌರವ ಬಂತು, ಅವರ ಕಾನ್ಫರೆನ್ಸಿನ ಟೀಮ್ ಒಂದು ಮೊದಲ ಐದರಲ್ಲಿರೋ ಟೀಮನ್ನ ಅದಕ್ಕೆ ಮುಂಚೆ ಯಾವತ್ತೂ ಸೋಲಿಸಿರಲಿಲ್ಲ.

ಅವತ್ತು ಎಲ್ಲರೂ ಸೀಸನ್ ಮುಗೀತು ಅಂದ್ರು, ನಾನೂ ಅಂದೆ. ಮುಂದಿನ ವಾರ ಪರ್ಡ್ಯೂ ಊರಿಗೆ ಹೋಗಿ 66-7! ಒಂದು ವಾರದ ಅಂತರದಲ್ಲಿ ಅದೇ ಹುಡುಗ್ರು. ಅಲ್ಲಿಂದ ಸಾಲಾಗಿ 13 ಮ್ಯಾಚ್ ಗೆದ್ದು, ಜಾರ್ಜಿಯಾ, ಪೆನ್ ಸ್ಟೇಟ್ ಎಲ್ಲಾ ದಾಟಿ 2025ರ ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ಫೈನಲ್ ಆಡಿದ್ರು. ಒಹಾಯೋ ಸ್ಟೇಟ್ ಎದುರು 34-23ಕ್ಕೆ ಸೋತ್ರು, ಆದ್ರೆ ಸೆಪ್ಟೆಂಬರಲ್ಲಿ ಅಲ್ಲೀವರೆಗೆ ಹೋಗ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಈಗ ಈ ಸೀಸನ್ನಿಗೆ, ಅಂದ್ರೆ 2025ಕ್ಕೆ ಬರೋಣ. ಲೆನರ್ಡ್ ಎನ್‌ಎಫ್‌ಎಲ್‌ಗೆ ಹೋದ, ಡಿಫೆನ್ಸ್ ನೋಡ್ಕೊಳ್ತಿದ್ದ ಕೋಚ್ ಆಲ್ ಗೋಲ್ಡನ್ ಕೂಡ ಎನ್‌ಎಫ್‌ಎಲ್ ಟೀಮಿಗೆ ಹೋದ್ರು. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಸಿ.ಜೆ. ಕಾರ್, ಕಾಲೇಜ್ ಮಟ್ಟದಲ್ಲಿ ಅವನು ಮ್ಯಾಚ್ ಶುರುಮಾಡಿದ್ದೇ ಮೊದಲ ಸಲ, ಅದೂ ಎದುರಾಳಿ ಊರಲ್ಲಿ, ಮಯಾಮಿ ಮೇಲೆ. ಹಿಂದೆ ಬಿದ್ದಿದ್ದೋರು ಕೊನೇಲಿ 24-24 ಸಮ ಮಾಡ್ಕೊಂಡ್ರು, ಒಂದು ನಿಮಿಷದ ಸುಮಾರು ಉಳಿದಿರುವಾಗ ಮಯಾಮಿ 47 ಗಜದಿಂದ ಒದ್ದು 27-24 ಗೆದ್ದುಬಿಟ್ಟಿತು. ಒಂದು ವಾರ ಬಿಡುವು, ಆಮೇಲೆ ಸೆಪ್ಟೆಂಬರ್ 13ಕ್ಕೆ ಇಲ್ಲಿ ಟೆಕ್ಸಾಸ್ ಎ ಆಂಡ್ ಎಂ. ನಿಮ್ಮ ಮಗಳು ಸ್ಟೂಡೆಂಟ್ ಸೆಕ್ಷನ್ನಲ್ಲಿ ಇದ್ದಿರಬೇಕು. ಮೂರು ನಿಮಿಷದ ಸುಮಾರು ಬಾಕಿ ಇರುವಾಗ ಲವ್ ಟಚ್‌ಡೌನ್ ಮಾಡಿ 40-34, ಆಮೇಲೆ ಸಿಗೋ ಆ ಒಂದು ಪಾಯಿಂಟಿನ ಕಿಕ್ ಇದೆಯಲ್ಲ, ಒಬ್ಬ ಮಂಡಿಯೂರಿ ಚೆಂಡು ನಿಲ್ಲಿಸಿ ಹಿಡೀತಾನೆ ಇನ್ನೊಬ್ಬ ಒದೀತಾನೆ, ನೂರಕ್ಕೆ ತೊಂಬತ್ತು ಸಲಕ್ಕೂ ಜಾಸ್ತಿ ಸರಿಯಾಗಿ ಆಗೋ ಕೆಲಸ ಅದು, ಅವತ್ತು ಚೆಂಡು ಹಿಡಿಯೋವಾಗ ಕೈ ಜಾರಿತು. ಎ ಆಂಡ್ ಎಂ ಕೊನೇ ಅವಕಾಶದಲ್ಲಿ, 13 ಸೆಕೆಂಡ್ ಉಳಿದಿರುವಾಗ ಟಚ್‌ಡೌನ್ ಮಾಡಿತು, ಅವರ ಒಂದು ಪಾಯಿಂಟಿನ ಕಿಕ್ ಸರಿಯಾಗಿ ಹೋಯ್ತು, 41-40. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ.

ಹೊಸ ಕ್ವಾರ್ಟರ್‌ಬ್ಯಾಕ್ ಬಗ್ಗೆ ಎಲ್ಲರಿಗೂ ಚಿಂತೆ ಇತ್ತು, ಆದ್ರೆ ಕಾರ್ ಎರಡನೇ ಮ್ಯಾಚಿಗೇ ಚೆನ್ನಾಗಿ ಕುದುರಿಕೊಂಡಿದ್ದ, ನಿಜವಾಗಿ ತೊಂದರೆ ಇದ್ದಿದ್ದು ಡಿಫೆನ್ಸಲ್ಲಿ, ಹೊಸ ಕೋಚ್ ಕ್ರಿಸ್ ಆಶ್ ಹೇಳಿಕೊಟ್ಟಿದ್ದು ಹುಡುಗ್ರಿಗೆ ಇನ್ನೂ ಮೈಗೆ ಹತ್ತಿರಲಿಲ್ಲ. ಹತ್ತೋಕೆ ಸ್ವಲ್ಪ ವಾರ ಬೇಕಾಯ್ತು. ಅಕ್ಟೋಬರ್ ಹೊತ್ತಿಗೆ ಬೋಯಿಸಿ ಸ್ಟೇಟ್‌ಗೆ ಬಿಟ್ಟುಕೊಟ್ಟಿದ್ದು 7 ಪಾಯಿಂಟ್, ನಾರ್ತ್ ಕೆರೊಲಿನಾ ಸ್ಟೇಟ್‌ಗೂ 7. ಉಳಿದ ಹತ್ತಕ್ಕೆ ಹತ್ತೂ ಗೆದ್ರು, ಸಿರಕ್ಯೂಸ್ ಮೇಲಂತೂ 70-7.

ಆದ್ರೂ ಪ್ಲೇಆಫ್ ಸಿಗಲಿಲ್ಲ. ಹಾಸ್ಟೆಲ್ಲಿನ ಮಕ್ಕಳು ಸೆಪ್ಟೆಂಬರಲ್ಲೇ ಹೆದರಿದ್ದು ಇದಕ್ಕೇ. ಡಿಸೆಂಬರ್ ಮೊದಲ ವಾರದ ರ‍್ಯಾಂಕಿಂಗಲ್ಲಿ ನೋಟರ್ ಡೇಮ್ 10, ಮಯಾಮಿ 12, ಮಧ್ಯೆ ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ). ಆ ವಾರಾಂತ್ಯ ನೋಟರ್ ಡೇಮೂ ಆಡಲಿಲ್ಲ ಮಯಾಮಿಯೂ ಆಡಲಿಲ್ಲ, ಬಿವೈಯು ತನ್ನ ಕಾನ್ಫರೆನ್ಸ್ ಫೈನಲ್ ಸೋತು ಕೆಳಗಿಳೀತು, ಆಗ ಇವೆರಡು ಪಕ್ಕಪಕ್ಕ ಬಂದ್ವು, ಎರಡಕ್ಕೂ 10 ಗೆಲುವು 2 ಸೋಲು, ಹಾಗಾದ್ರೆ ಎದುರುಬದುರು ಆಡಿದಾಗ ಯಾರು ಗೆದ್ರು ಅಂತ ನೋಡಿದ್ರು. ಆಗಸ್ಟ್ 31ರ ಆ 47 ಗಜದ ಕಿಕ್! ಮಯಾಮಿ 10ನೇ ಜಾಗಕ್ಕೆ ಹೋಗಿ ಒಳಗೆ ಸೇರಿತು, ನಮ್ಮವರು 11. ಹನ್ನೆರಡು ಟೀಮ್ ಅಂದ್ರೆ 11ನೇದಕ್ಕೆ ಜಾಗ ಇರಬೇಕಲ್ಲ ಅಂತ ನೀವು ಕೇಳಬಹುದು, ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಜಾಗ ಖಾತ್ರಿ ಇರೋದ್ರಿಂದ ರ‍್ಯಾಂಕಲ್ಲಿ ತುಂಬಾ ಕೆಳಗಿದ್ದ ಟುಲೇನ್ ಮತ್ತೆ ಜೇಮ್ಸ್ ಮ್ಯಾಡಿಸನ್ ಒಳಗೆ ಬಂದ್ವು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮದ ಪ್ರಕಾರ ಗೆದ್ದು ಬಂದಿದ್ದು. ಆದ್ರೆ ಆಡದೇ ಇದ್ದ ವಾರ ಎರಡು ಟೀಮ್ ಜಾಗ ಅದಲುಬದಲಾಗಿದ್ದು ಸರಿ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ, ಎದುರುಬದುರು ಆಡಿದ್ದು ಲೆಕ್ಕಕ್ಕೆ ತಗೋಳೋದಾದ್ರೆ ನವೆಂಬರಲ್ಲೇ ತಗೋಬೇಕಿತ್ತು. ಬೇಜಾರಿಗೆ ಟೀಮ್ ಬೇರೆ ಬೌಲ್ ಮ್ಯಾಚ್, ಅಂದ್ರೆ ಪ್ಲೇಆಫ್ ಹೊರಗೆ ಸೀಸನ್ ಕೊನೇಲಿ ಆಡೋ ಮ್ಯಾಚ್, ಆಡೋಕೂ ಒಪ್ಪಲಿಲ್ಲ.

ಎರಡೂ ವರ್ಷ ಪಕ್ಕಪಕ್ಕ ಇಟ್ಟು ನೋಡಿ. ಹೋದ ಸಲ ಸೋತಿದ್ದು ದುರ್ಬಲ ಅಂತ ಎಲ್ಲರೂ ಅಂದುಕೊಂಡಿದ್ದ ಟೀಮಿಗೆ, ಅದೂ ಮನೆ ಅಂಗಳದಲ್ಲಿ, ಫೈನಲ್‌ಗೆ ಹೋದ್ರು. ಈ ಸಲ ಸೋತಿದ್ದು ಎರಡು ಗಟ್ಟಿ ಟೀಮ್‌ಗಳಿಗೆ, ಎರಡೂ ಸೇರಿಸಿದ್ರೆ 4 ಪಾಯಿಂಟ್ ವ್ಯತ್ಯಾಸ, ಮನೇಲಿ ಕೂತ್ರು. ಆಟ ನೋಡಿದ್ರೆ ಈ ವರ್ಷದ ಶುರುವೇ ಎಷ್ಟೋ ವಾಸಿ. ಒಂದು ಸೋಲಾದ್ರೆ ಕಮಿಟಿ ಕ್ಷಮಿಸುತ್ತೆ, ಕಾನ್ಫರೆನ್ಸ್ ಇಲ್ಲದ ಟೀಮಿಗೆ ಎರಡನೇದಾದ್ರೆ ತನ್ನ ಕೈಯಲ್ಲಿ ಏನೂ ಉಳಿಯಲ್ಲ, ಬೇರೆಯವರು ಸೋಲ್ತಾರಾ ಅಂತ ಕಾಯ್ಕೊಂಡು ಕೂರಬೇಕು.

ನಿಮ್ಮ ಮಗಳ ಹಾಸ್ಟೆಲ್ಲಿನ ದುಃಖಕ್ಕೆ ಅರ್ಥ ಇತ್ತು, ಫೋನ್ ಮಾಡಿದಾಗ ಅವಳಿಗೆ ಅದನ್ನ ಹೇಳಿ. ಮುಂದಿನ ಸೀಸನ್ನಿಗೆ ಕಾರ್ ಇರ್ತಾನೆ, ಮೊದಲ ಮ್ಯಾಚ್ 2026ರ ಸೆಪ್ಟೆಂಬರಲ್ಲಿ ವಿಸ್ಕಾನ್ಸಿನ್ ಜೊತೆ, ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡಲ್ಲಿ. ನೀವೂ ಹಾಸ್ಟೆಲ್ಲಿಗೆ ವಿಡಿಯೋ ಕಾಲ್ ಹಾಕ್ಕೊಂಡು ಅವಳ ಜೊತೆ ಕೂತು ನೋಡಿ, ಅರ್ಥ ಆಗದ್ದು ಇದ್ರೆ ಇಲ್ಲೇ ಕೇಳಿ, ಈ ಸಲ ತಡಮಾಡದೆ ಉತ್ತರ ಬರೀತೀನಿ.